ಡೈರಿ ಕಂಪ್ಯೂಟರ್, ಕೈಯಲ್ಲಿರುವ ಫೋನ್, ದೂರದ ಡೇಟಾಬೇಸ್: ಯಾವ ದಾರಿಯಲ್ಲಿ ಜೋಡಿಸಬೇಕು?

ಮಂಡ್ಯ ಸುತ್ತಮುತ್ತಲಿನ ಸಣ್ಣ ವ್ಯಾಪಾರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಹಾಲಿನ ಡೈರಿ, ಗೊಬ್ಬರದ ಅಂಗಡಿ, ಅಕ್ಕಿ ಗಿರಣಿ, ಬೆಲ್ಲದ ಮಂಡಿ. ಎಲ್ಲರೂ ಕೇಳುವುದು ಒಂದೇ ಮಾತು: "ಕಂಪ್ಯೂಟರ್‌ನಲ್ಲಿ ಹಾಕಿದ್ದು ನನ್ ಫೋನಲ್ಲಿ ಕಾಣ್ಬೇಕು ಸಾ, ಫೋನಲ್ಲಿ ಹಾಕಿದ್ದು ಅಲ್ಲಿ ಬರ್ಬೇಕು." ಕೇಳುವುದಕ್ಕೆ ಒಂದು ಸಾಲು. ಮಾಡುವುದಕ್ಕೆ ನಾಲ್ಕೈದು ದಾರಿಗಳಿವೆ, ಶುರುವಿನಲ್ಲಿ ತಪ್ಪು ದಾರಿ ಹಿಡಿದರೆ ವರ್ಷ ಕಳೆದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ಮೊದಲು ನನ್ನ ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಆಪ್ ಬೇರೆಯವರ ಫೋನ್‌ಗೆ ಹೋಗುತ್ತದೆ ಅಂದರೆ ಅದನ್ನು ಡೇಟಾಬೇಸ್‌ಗೆ ನೇರವಾಗಿ ಜೋಡಿಸಬೇಡಿ, ನಡುವೆ ಒಂದು ಎಪಿಐ ಇಡಿ, ಅಂದರೆ ಆಪ್‌ನ ಕೋರಿಕೆ ಕೇಳಿಕೊಂಡು ಡೇಟಾಬೇಸ್‌ನಿಂದ ಉತ್ತರ ತಂದುಕೊಡುವ ಸಣ್ಣ ಪ್ರೋಗ್ರಾಂ. ನಿಮ್ಮದೇ ಕಚೇರಿಯ ನಾಲ್ಕೈದು ಕಂಪ್ಯೂಟರ್ ಮಾತ್ರ ಅಂದರೆ ವಿಪಿಎನ್ (ದೂರದ ಯಂತ್ರಗಳನ್ನು ಇಂಟರ್ನೆಟ್ ಮೇಲೆ ಒಂದೇ ಖಾಸಗಿ ನೆಟ್‌ವರ್ಕ್ ಹಾಗೆ ಜೋಡಿಸುವುದು) ಸಾಕು. ಆಪ್ ಓಡುವ ಜಾಗದಲ್ಲಿ ನೆಟ್ ಬರುತ್ತದೋ ಇಲ್ಲವೋ ಗೊತ್ತಿಲ್ಲ ಅಂದರೆ, ಎಪಿಐ ಜೊತೆಗೆ ಫೋನ್ ಒಳಗೂ ಒಂದು ಪುಟ್ಟ ಡೇಟಾಬೇಸ್ ಬೇಕೇ ಬೇಕು. ಯಾವುದನ್ನು ಆರಿಸುವ ಮುಂಚೆಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಡೇಟಾಬೇಸ್‌ನ ಪಾಸ್‌ವರ್ಡ್ ಯಾರ ಕೈಗೆ ಹೋಗುತ್ತಿದೆ?

ನೇರವಾಗಿ ಜೋಡಿಸುವುದು

ಹೊಸಬರು ಮೊದಲು ಹಿಡಿಯುವ ದಾರಿ ಇದು. ಕಂಪ್ಯೂಟರ್ ಆಪ್‌ನಲ್ಲಿ ಕನೆಕ್ಷನ್ ಸ್ಟ್ರಿಂಗ್ (ಡೇಟಾಬೇಸ್‌ನ ವಿಳಾಸ, ಯೂಸರ್, ಪಾಸ್‌ವರ್ಡ್ ಇರುವ ಸಾಲು) ಬರೆದು ಅಭ್ಯಾಸ ಇರುತ್ತದೆ. 'ಲೋಕಲ್‌ಹೋಸ್ಟ್' (ಅಂದರೆ ಇದೇ ಯಂತ್ರ) ಅಂತ ಇದ್ದ ಕಡೆ ಸರ್ವರ್‌ನ ಐಪಿ ವಿಳಾಸ ಹಾಕಿದರೆ ಆಯ್ತಲ್ಲ ಅನ್ನಿಸುತ್ತದೆ. ಮೈಎಸ್‌ಕ್ಯುಎಲ್ ಆದರೆ 3306, ಪೋಸ್ಟ್‌ಗ್ರೆಸ್ ಆದರೆ 5432, ಎಸ್‌ಕ್ಯುಎಲ್ ಸರ್ವರ್ ಆದರೆ 1433, ಆ ಡೇಟಾಬೇಸ್‌ನ ಪೋರ್ಟ್ (ಸರ್ವರ್ ಒಳಗೆ ಹೋಗುವ ನಂಬರ್ ಹಾಕಿದ ಬಾಗಿಲು) ತೆರೆದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಾನೂ ಮೊದಲ ಡೈರಿ ಆಪ್ ಮಾಡಿದ್ದು ಹೀಗೇ.

ಒಂದು ದಿನ ನನ್ನದೇ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆಪ್ ಇನ್‌ಸ್ಟಾಲ್ ಮಾಡುವ ಫೈಲ್) ಬಿಚ್ಚಿ ನೋಡಿದೆ. ಜಾಡ್‌ಎಕ್ಸ್ ಅನ್ನೋ ಉಚಿತ ಟೂಲ್ ಇದೆ, ಎಪಿಕೆ ಕೊಟ್ಟರೆ ಒಳಗಿನ ಕೋಡನ್ನು ಓದುವ ಹಾಗೆ ತೆರೆದು ತೋರಿಸುತ್ತದೆ. ಹುಡುಕುವ ಜಾಗದಲ್ಲಿ 3306 ಅಂತ ಹೊಡೆದೆ. ಒಂದೇ ಸಾಲು ಸಿಕ್ಕಿತು. ಸರ್ವರ್‌ನ ಐಪಿ, ಯೂಸರ್ ಹೆಸರು, ಪಾಸ್‌ವರ್ಡ್ ಮೂರೂ ಅಲ್ಲೇ ಇದ್ದವು. ಆ ಯೂಸರ್‌ಗೆ ಟೇಬಲ್ ಅಳಿಸುವ ಹಕ್ಕೂ ಇತ್ತು. 240 ಮನೆಯ ಹಾಲಿನ ಲೆಕ್ಕ, ಬ್ಯಾಂಕ್ ಖಾತೆ ನಂಬರ್ ಸಮೇತ, ಆ ಒಂದು ಸಾಲಿನ ಹಿಂದೆ ಕೂತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತೇನೆ" ಅಂತ ಕೆಲವರು ಹೇಳುತ್ತಾರೆ. ಅದನ್ನು ಬಿಡಿಸುವ ಕೀ ಕೂಡ ಅದೇ ಆಪ್ ಒಳಗೇ ಇರಬೇಕು, ಅಲ್ವಾ? ಬೀಗವನ್ನೂ ಬೀಗದ ಕೈಯನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಕೊಟ್ಟ ಹಾಗೆ. ಡಾಟ್‌ನೆಟ್‌ನಲ್ಲಿ ಮಾಡಿದ ಕಂಪ್ಯೂಟರ್ ಆಪ್ ಆದರೂ ಇದೇ ಕಥೆ, ಐಎಲ್‌ಸ್ಪೈ ಅನ್ನೋ ಅಂಥದ್ದೇ ಟೂಲ್ ಹಾಕಿದರೆ ಎಲ್ಲ ಕಾಣುತ್ತದೆ. ಎಷ್ಟೋ ಸಲ ಅಷ್ಟೂ ಬೇಡ, ಪಕ್ಕದಲ್ಲಿರುವ ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಕು.

ಇನ್ನು ತೆರೆದ ಪೋರ್ಟ್. ಅದನ್ನು ನಿಮ್ಮ ಆಪ್ ಮಾತ್ರ ನೋಡುವುದಿಲ್ಲ. ಇಂಟರ್ನೆಟ್ ಪೂರ್ತಿ ಇಂಥ ಪೋರ್ಟ್‌ಗಳನ್ನು ಹುಡುಕುತ್ತಾ ಓಡಾಡುವ ಸ್ಕ್ರಿಪ್ಟ್‌ಗಳಿವೆ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಖಾಲಿ ಮಾಡಿ, ಹಣ ಕೊಡಿ ಅಂತ ಚೀಟಿ ಬಿಟ್ಟು ಹೋಗಿದ್ದರು. ಊರಿನ ಡೈರಿಯ ಲೆಕ್ಕ ಯಾರಿಗೆ ಬೇಕು ಅಂತ ಸುಮ್ಮನಿರಬೇಡಿ, ಆ ಸ್ಕ್ರಿಪ್ಟ್‌ಗೆ ಡೈರಿ, ಬ್ಯಾಂಕ್ ಅನ್ನುವ ಭೇದ ಇಲ್ಲ. ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಇದೆ.

ಭದ್ರತೆ ಪಕ್ಕಕ್ಕಿಟ್ಟರೂ ಇನ್ನೆರಡು ತೊಂದರೆ ಉಳಿಯುತ್ತವೆ. ಒಂದು, ಕನೆಕ್ಷನ್ ಲೆಕ್ಕ. ಮೈಎಸ್‌ಕ್ಯುಎಲ್ ಡೀಫಾಲ್ಟ್ ಆಗಿ ಒಟ್ಟಿಗೆ 151 ಕನೆಕ್ಷನ್ ಬಿಡುತ್ತದೆ, ಪೋಸ್ಟ್‌ಗ್ರೆಸ್ 100. ಜಾಸ್ತಿ ಅನ್ನಿಸಬಹುದು. ಆದರೆ ಬಸ್ಸಿನಲ್ಲಿ ಹೋಗುತ್ತಾ ನೆಟ್ ಕಳೆದುಕೊಂಡ ಫೋನ್ "ನಾನು ಹೊರಟೆ" ಅಂತ ಹೇಳಿ ಹೋಗುವುದಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಸುಮ್ಮನಿರುವ ಕನೆಕ್ಷನ್‌ಗೆ ಕಾಯುವ ಅವಧಿ ಡೀಫಾಲ್ಟ್ ಆಗಿ 28,800 ಸೆಕೆಂಡ್, ಅಂದರೆ 8 ಗಂಟೆ. ಸತ್ತ ಕನೆಕ್ಷನ್‌ಗಳು ಜಾಗ ಹಿಡಿದು ಕೂತಿರುತ್ತವೆ, ಬಟವಾಡೆಯ ದಿನ ಎಲ್ಲರೂ ಒಟ್ಟಿಗೆ ಆಪ್ ತೆರೆದಾಗ ಹೊಸಬರಿಗೆ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು ದೂರ. ಅಂಗಡಿಯೊಳಗಿನ ನೆಟ್‌ವರ್ಕ್‌ನಲ್ಲಿ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹೋಗಿ ಬರುವುದು ಗೊತ್ತೇ ಆಗುವುದಿಲ್ಲ. ಅದೇ ಸರ್ವರ್ ಅಮೆರಿಕದಲ್ಲಿದ್ದರೆ ಒಂದು ಸಲ ಹೋಗಿ ಬರಲು 200 ಮಿಲಿಸೆಕೆಂಡ್ ಆದರೂ ಬೇಕು. ಹಳೆ ಕೋಡ್‌ನಲ್ಲಿ ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಕ್ವೆರಿ ಓಡಿಸುವ ಲೂಪ್ ಇತ್ತು ಅಂತಿಟ್ಟುಕೊಳ್ಳಿ. 240 ಸದಸ್ಯರಿಗೆ 48 ಸೆಕೆಂಡ್. ಅಷ್ಟು ಹೊತ್ತು ಪರದೆ ಗರಬಡಿದ ಹಾಗೆ ನಿಂತಿರುತ್ತದೆ. ಯಾವ ದಾರಿ ಹಿಡಿದರೂ ಸರ್ವರನ್ನು ಮುಂಬೈ ಅಥವಾ ಬೆಂಗಳೂರಿನಲ್ಲೇ ತೆಗೆದುಕೊಳ್ಳಿ. ಅಮೆಜಾನ್‌ಗೆ ಮುಂಬೈಯಲ್ಲಿ, ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲಿ 2016ರಿಂದಲೇ ಡೇಟಾ ಸೆಂಟರ್ ಇದೆ.

ವಿಪಿಎನ್ ಒಳಗಿಂದ ನೇರವಾಗಿ

ಇದು ಒಳ್ಳೆಯ ದಾರಿ, ಆದರೆ ಇಕ್ಕಟ್ಟಿನ ದಾರಿ. ಮೈಸೂರಿನ ಸಂತೆಪೇಟೆಯಲ್ಲಿ ಅಂಗಡಿ, ಬಂಡಿಪಾಳ್ಯದಲ್ಲಿ ಗೋಡೌನ್ ಇರುವ ಒಬ್ಬ ದಿನಸಿ ವ್ಯಾಪಾರಿ ನನ್ನ ಗಿರಾಕಿ. ಎರಡೂ ಕಡೆ ಸೇರಿ ಐದು ಕಂಪ್ಯೂಟರ್. ಹತ್ತು ವರ್ಷದ ಹಳೆ ಬಿಲ್ಲಿಂಗ್ ಆಪ್, ಎಸ್‌ಕ್ಯುಎಲ್ ಸರ್ವರ್ ಮೇಲೆ ಚೆನ್ನಾಗಿ ಓಡುತ್ತಿದೆ. ಅದಕ್ಕೆ ಎಪಿಐ ಬರೆಯುವುದು ಅಂದರೆ ಇಡೀ ಆಪ್ ಮತ್ತೆ ಬರೆದ ಹಾಗೆ. ಅದರ ಬದಲು ಐದೂ ಕಂಪ್ಯೂಟರ್‌ಗೆ ಟೇಲ್‌ಸ್ಕೇಲ್ ಹಾಕಿದೆವು. ಅದು ವೈರ್‌ಗಾರ್ಡ್ ಮೇಲೆ ನಿಂತಿರುವ ವಿಪಿಎನ್. ಹೊರಗೆ ಒಂದು ಪೋರ್ಟೂ ತೆರೆದಿಲ್ಲ, ಆಪ್‌ನಲ್ಲಿ ಐಪಿ ಒಂದು ಬದಲಾಯಿತು ಅಷ್ಟೇ.

"ಸರ್ವರ್ ನಮ್ಮ ಅಂಗಡಿಯಲ್ಲೇ ಇರಲಿ" ಅನ್ನುವವರಿಗೂ ಇದು ಹಿಡಿಸುತ್ತದೆ. ಈಗ ಮೊಬೈಲ್ ನೆಟ್ ಮತ್ತು ಎಷ್ಟೋ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಲ್ಲಿ ನಿಮಗೇ ಅಂತ ಪಬ್ಲಿಕ್ ಐಪಿ (ಹೊರಗಿನಿಂದ ತಲುಪಬಹುದಾದ ವಿಳಾಸ) ಸಿಗುವುದಿಲ್ಲ, ನೂರಾರು ಮನೆಗೆ ಸೇರಿ ಒಂದು ಐಪಿ. ಹೀಗಿರುವಾಗ ರೌಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ತಿರುಗಿಸಿದರೂ) ಹೊರಗಿನಿಂದ ಒಳಗೆ ಬರಲು ಆಗುವುದಿಲ್ಲ. ಎರಡು ದಿನ ರೌಟರ್ ಜೊತೆ ಗುದ್ದಾಡುವ ಮುಂಚೆ ಇದನ್ನು ನೋಡಿಕೊಳ್ಳಿ. ಟೇಲ್‌ಸ್ಕೇಲ್‌ನಂಥವು ಒಳಗಿನಿಂದಲೇ ಹೊರಕ್ಕೆ ಜೋಡಿಸಿಕೊಳ್ಳುವುದರಿಂದ ಈ ತಾಪತ್ರಯ ಇಲ್ಲ.

ಇಕ್ಕಟ್ಟು ಎಲ್ಲಿ ಅಂದರೆ, 240 ರೈತರ ಫೋನ್‌ಗೆ ವಿಪಿಎನ್ ಹಾಕಿಸುವುದು ಆಗದ ಮಾತು. ಅವರಿಗೆ ಅದನ್ನು ಆನ್ ಮಾಡಿ ಅಂತ ಹೇಳುವುದೂ ನ್ಯಾಯವಲ್ಲ. ಇದು ನಮ್ಮ ಕೈಯಲ್ಲೇ ಇರುವ ಯಂತ್ರಗಳಿಗೆ ಮಾತ್ರ.

ಒಂದು ಮಾತು ಇಲ್ಲೇ ಸೇರಿಸಿಬಿಡುತ್ತೇನೆ. ಆಕ್ಸೆಸ್ ಅಥವಾ ಎಸ್‌ಕ್ಯುಲೈಟ್‌ನಂಥ, ಡೇಟಾಬೇಸ್ ಪೂರ್ತಿ ಒಂದೇ ಫೈಲಿನಲ್ಲಿರುವವುಗಳ ಫೈಲನ್ನು ಶೇರ್ ಮಾಡಿದ ಫೋಲ್ಡರ್‌ನಲ್ಲಿಟ್ಟು ವಿಪಿಎನ್ ಮೇಲೆ ಎರಡು ಕಡೆಯಿಂದ ತೆರೆಯಬೇಡಿ. ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಫೈಲ್ ಲಾಕ್ ನೆಟ್‌ವರ್ಕ್ ಮೇಲೆ ನೆಟ್ಟಗೆ ನಡೆಯುವುದಿಲ್ಲ, ಒಂದಲ್ಲ ಒಂದು ದಿನ ಫೈಲ್ ಕೆಡುತ್ತದೆ.

ನಡುವೆ ಎಪಿಐ

ನಾನು ಹೊಸದಾಗಿ ಏನೇ ಮಾಡಿದರೂ ಈಗ ಇದೇ. ಡೇಟಾಬೇಸ್ ಸರ್ವರ್ ಒಳಗೇ ಇರುತ್ತದೆ, ಲೋಕಲ್‌ಹೋಸ್ಟ್ ಬಿಟ್ಟು ಬೇರೆ ಯಾರಿಗೂ ಬಾಗಿಲು ತೆಗೆಯುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಪ್ರೋಗ್ರಾಂ ಕೂತು, ಎಚ್‌ಟಿಟಿಪಿಎಸ್‌ನಲ್ಲಿ 443 ಪೋರ್ಟ್ ಮೇಲೆ ಫೋನ್‌ಗೂ ಕಂಪ್ಯೂಟರ್‌ಗೂ ಉತ್ತರ ಕೊಡುತ್ತದೆ. ಪಾಸ್‌ವರ್ಡ್ ಆ ಪ್ರೋಗ್ರಾಂಗೆ ಮಾತ್ರ ಗೊತ್ತು. ಫೋನ್‌ಗೆ ಸಿಗುವುದು ಲಾಗಿನ್ ಆದ ಮೇಲಿನ ಟೋಕನ್ ಅನ್ನುವ ಗುರುತಿನ ಚೀಟಿ, ಅದು ಒಬ್ಬರಿಗೆ ಸೇರಿದ್ದು, ಬೇಡ ಅಂದಾಗ ರದ್ದು ಮಾಡಬಹುದು. ಸದಸ್ಯರು ತಮ್ಮ ಲೆಕ್ಕ ಮಾತ್ರ ನೋಡುತ್ತಾರೆ, ಕಾರ್ಯದರ್ಶಿ ಎಲ್ಲರದ್ದೂ ನೋಡುತ್ತಾರೆ. ನೇರ ಕನೆಕ್ಷನ್‌ನಲ್ಲಿ ಇದನ್ನು ಆಪ್ ಒಳಗೆ 'ಬಟನ್ ಮುಚ್ಚಿಟ್ಟು' ಮಾಡಿರುತ್ತೇವೆ. ಅದು ಕಾವಲು ಅಲ್ಲ, ಬರೀ ಪರದೆ.

ಇದಕ್ಕೆ ಏನು ಬೇಕು? ತಿಂಗಳಿಗೆ ಐನೂರು ರೂಪಾಯಿ ಆಸುಪಾಸಿನ ಸಣ್ಣ ಸರ್ವರ್, ಒಂದು ಡೊಮೇನ್ ಹೆಸರು, ಎಚ್‌ಟಿಟಿಪಿಎಸ್‌ಗೆ ಬೇಕಾದ, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್. ಭಾಷೆ ನಿಮಗೆ ಬರುವುದೇ ಆಗಲಿ, ಪಿಎಚ್‌ಪಿ, ಪೈಥಾನ್, ನೋಡ್, ಸಿ ಶಾರ್ಪ್, ಯಾವುದಾದರೂ ನಡೆಯುತ್ತದೆ. ಒಂದು ಡೈರಿಯ ಹೊರೆಗೆ ಭಾಷೆಯ ವೇಗ ಲೆಕ್ಕಕ್ಕೇ ಬರುವುದಿಲ್ಲ. ಕೋಡ್ ಬರೆಯುವುದೇ ಬೇಡ ಅಂದರೆ ಪೋಸ್ಟ್‌ಗ್ರೆಸ್ ಟೇಬಲ್‌ಗಳಿಂದಲೇ ಎಪಿಐ ಮಾಡಿಕೊಡುವ ಪೋಸ್ಟ್‌ಗ್ರೆಸ್ಟ್ ಇದೆ. ಕ್ವೆರಿ ಬರೆಯುವಾಗ ಮಾತ್ರ ಬಳಸುವವರು ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿ ವಾಕ್ಯ ಕಟ್ಟಬೇಡಿ, ಅದನ್ನು ಬೇರೆಯಾಗಿ ಕಳಿಸುವ ಪ್ಯಾರಾಮೀಟರ್ ಹಾಕಿ.

ಎಪಿಐ ಇದ್ದರೆ ಸಿಗುವ ಇನ್ನೊಂದು ದೊಡ್ಡ ಅನುಕೂಲ, ಬದಲಾವಣೆ. ಟೇಬಲ್‌ನ ಒಂದು ಕಾಲಂ ಹೆಸರು ಬದಲಿಸಿದರೆ ನೇರ ಕನೆಕ್ಷನ್‌ನ ಹಳೆ ಆಪ್‌ಗಳೆಲ್ಲ ಅದೇ ಕ್ಷಣ ನಿಲ್ಲುತ್ತವೆ. ಊರಲ್ಲಿ ಎಷ್ಟು ಜನ ಆಪ್ ಅಪ್‌ಡೇಟ್ ಮಾಡಿರುತ್ತಾರೆ? ಫೋನ್‌ನಲ್ಲಿ ಜಾಗ ಇಲ್ಲ, ಪ್ಲೇ ಸ್ಟೋರ್ ಪಾಸ್‌ವರ್ಡ್ ಮಗನಿಗೆ ಗೊತ್ತು, ಮಗ ಬೆಂಗಳೂರಿನಲ್ಲಿದ್ದಾನೆ. ಎಪಿಐ ಇದ್ದರೆ ಹಳೆ ಆಪ್‌ಗೆ ಹಳೆಯ ರೂಪದಲ್ಲೇ ಉತ್ತರ ಕೊಟ್ಟು ಒಳಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು.

ಹಾಗೇ ಕನ್ನಡ ಅಕ್ಷರ ಮತ್ತು ಗಡಿಯಾರ. ಇವೆರಡೂ ನನ್ನನ್ನು ತುಂಬಾ ದಿನ ಕಾಡಿವೆ. 'ಕೃಷ್ಣೇಗೌಡ' ಅನ್ನುವುದು ನಮ್ಮ ಕಣ್ಣಿಗೆ ನಾಲ್ಕಕ್ಷರ, ಯುನಿಕೋಡ್‌ನಲ್ಲಿ 9 ಚಿಹ್ನೆ, ಯುಟಿಎಫ್-8ರಲ್ಲಿ 27 ಬೈಟ್. ಹತ್ತು ಕಂಪ್ಯೂಟರ್ ನೇರವಾಗಿ ಜೋಡಿಸಿಕೊಂಡಿದ್ದರೆ ಹತ್ತರಲ್ಲೂ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಸರಿಯಿರಬೇಕು, ಒಂದು ತಪ್ಪಿದರೂ ಆ ಹೆಸರು ಬರೀ ಪ್ರಶ್ನೆ ಚಿಹ್ನೆಗಳಾಗಿ ಕೂರುತ್ತದೆ, ಒಮ್ಮೆ ಹಾಗೆ ಉಳಿದರೆ ಹೆಸರು ವಾಪಸ್ ಬರುವುದಿಲ್ಲ. ಗಡಿಯಾರದ್ದು ಇನ್ನೂ ಸೂಕ್ಷ್ಮ. ಸರ್ವರ್ ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಮೂಲ ಸಮಯದಲ್ಲಿ ಓಡುತ್ತದೆ, ನಾವು ಐದೂವರೆ ಗಂಟೆ ಮುಂದೆ ಇದ್ದೇವೆ. ಬೆಳಿಗ್ಗೆ 5:20ಕ್ಕೆ ಕ್ಯಾನ್ ಹಿಡಿದು ಬಂದವರ ಹಾಲು ಸರ್ವರ್ ಲೆಕ್ಕದಲ್ಲಿ ಹಿಂದಿನ ದಿನ ರಾತ್ರಿ 11:50ರದ್ದು. 5:40ಕ್ಕೆ ಬಂದವರದ್ದು ಸರಿಯಾದ ದಿನಕ್ಕೆ ಸೇರುತ್ತದೆ. ಒಂದೇ ಸಾಲಿನಲ್ಲಿ ನಿಂತವರ ಹಾಲು ಎರಡು ದಿನಕ್ಕೆ ಹಂಚಿಹೋದರೆ ಬಟವಾಡೆ ದಿನ ಜಗಳ ಆಗುತ್ತದೆ, ಅವರು ಕೇಳುವುದರಲ್ಲಿ ತಪ್ಪೂ ಇಲ್ಲ. ಎಪಿಐ ಇದ್ದರೆ ಇಂಥದ್ದನ್ನು ಒಂದು ಜಾಗದಲ್ಲಿ ಸರಿ ಮಾಡಿದರೆ ಎಲ್ಲರಿಗೂ ಸರಿಯಾಗುತ್ತದೆ.

ಫೈರ್‌ಬೇಸ್, ಸೂಪಾಬೇಸ್

ಸರ್ವರ್ ನೋಡಿಕೊಳ್ಳುವ ತಲೆನೋವೇ ಬೇಡ ಅನ್ನುವವರಿಗೆ ಇವು, ಡೇಟಾಬೇಸನ್ನೂ ಸರ್ವರನ್ನೂ ಅವರೇ ನಡೆಸಿಕೊಡುವ ಸೇವೆಗಳು. ಕಾಲೇಜು ಪ್ರಾಜೆಕ್ಟ್‌ಗೆ, ಮೊದಲ ಮಾದರಿ ಬೇಗ ತೋರಿಸಬೇಕು ಅನ್ನುವಾಗ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಲಾಗಿನ್ ಸಿದ್ಧವಾಗಿ ಸಿಗುತ್ತದೆ, ಒಂದು ಕಡೆ ಬದಲಾದರೆ ಇನ್ನೊಂದು ಕಡೆ ತಾನಾಗಿ ಬದಲಾಗುತ್ತದೆ, ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್‌ನಲ್ಲಿ ಫೋನ್‌ಗೆ ನೆಟ್ ಇಲ್ಲದಾಗಲೂ ಓಡುವ ವ್ಯವಸ್ಥೆ ಇದೆ.

ಆದರೆ ಲೆಕ್ಕ ಹಾಕಿ ಒಳಗೆ ಇಳಿಯಿರಿ. ಫೈರ್‌ಸ್ಟೋರ್ ನೀವು ಓದಿದ ಒಂದೊಂದು ಡಾಕ್ಯುಮೆಂಟನ್ನೂ (ಅಂದರೆ ಒಂದೊಂದು ದಾಖಲೆಯನ್ನೂ) ಎಣಿಸುತ್ತದೆ, ಉಚಿತವಾಗಿ ದಿನಕ್ಕೆ 50,000 ಓದು, 20,000 ಬರಹ. ನಮ್ಮ ಡೈರಿಯ 240 ಜನ, ದಿನಕ್ಕೆ ಎರಡು ಹೊತ್ತು, ಹದಿನೈದು ದಿನದ ಬಟವಾಡೆ ಪಟ್ಟಿ ಅಂದರೆ 7,200 ಡಾಕ್ಯುಮೆಂಟ್. ಆ ಪಟ್ಟಿಯನ್ನು ಬೇರೆ ಬೇರೆ ಫೋನ್‌ಗಳಲ್ಲಿ ಏಳು ಸಲ ತೆರೆದರೆ 50,400, ಅವತ್ತಿನ ಉಚಿತ ಪಾಲು ಮುಗಿಯಿತು. ದಿನದಿನದ ಮೊತ್ತವನ್ನು ಬೇರೆ ಡಾಕ್ಯುಮೆಂಟ್‌ನಲ್ಲಿ ಕೂಡಿಸಿ ಇಡುತ್ತಾ ಹೋದರೆ ಇದು ತಪ್ಪುತ್ತದೆ, ಆದರೆ ಅದನ್ನು ಶುರುವಿನಲ್ಲೇ ಯೋಚಿಸಬೇಕು. ಲೆಕ್ಕಪತ್ರ, ಕೂಡು ಕಳೆ, ತಿಂಗಳ ವರದಿ ಇವೇ ಜಾಸ್ತಿ ಇರುವ ಕೆಲಸಕ್ಕೆ ಎಸ್‌ಕ್ಯುಎಲ್ ಬಿಟ್ಟು ಬೇರೆ ನನಗೆ ಒಗ್ಗುವುದಿಲ್ಲ. ಹಾಗಾಗಿ ಇವೆರಡರಲ್ಲಿ ಒಂದು ಆರಿಸು ಅಂದರೆ ಪೋಸ್ಟ್‌ಗ್ರೆಸ್ ಮೇಲೆ ನಿಂತಿರುವ ಸೂಪಾಬೇಸ್ ಅನ್ನುತ್ತೇನೆ. ನಾಳೆ ಬಿಟ್ಟು ಬರಬೇಕಾದರೂ ಡೇಟಾ ಎತ್ತಿಕೊಂಡು ಬೇರೆ ಪೋಸ್ಟ್‌ಗ್ರೆಸ್‌ಗೆ ಹಾಕಬಹುದು.

ಎರಡರಲ್ಲೂ ಒಂದು ಗುಂಡಿ ಇದೆ, ಎಚ್ಚರ. ಇಲ್ಲಿ ಆಪ್ ಒಳಗಿನ ಕೀ ಎಲ್ಲರಿಗೂ ಕಾಣುವಂಥದ್ದೇ. ಕಾವಲು ಇರುವುದು ನಿಯಮಗಳಲ್ಲಿ. ಫೈರ್‌ಬೇಸ್‌ನಲ್ಲಿ ಟೆಸ್ಟ್ ಮೋಡ್‌ನಲ್ಲಿ ಶುರು ಮಾಡಿದರೆ 30 ದಿನ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಅವಧಿ ಮುಗಿದು ಆಪ್ ನಿಂತಾಗ, ಗಡಿಬಿಡಿಯಲ್ಲಿ 'ಯಾರು ಬೇಕಾದರೂ ಓದಿ ಬರೆಯಿರಿ' ಅನ್ನುವ ನಿಯಮ ಹಾಕಿ ಮರೆತವರನ್ನು ನೋಡಿದ್ದೇನೆ. ಸೂಪಾಬೇಸ್‌ನಲ್ಲಿ ಪ್ರತಿ ಟೇಬಲ್‌ಗೂ ರೋ ಲೆವೆಲ್ ಸೆಕ್ಯುರಿಟಿ (ಯಾವ ಸಾಲನ್ನು ಯಾರು ನೋಡಬಹುದು ಅನ್ನುವ ಕಾವಲು) ಆನ್ ಇದೆಯಾ ಅಂತ ಕಣ್ಣಾರೆ ನೋಡಿ. ಉಚಿತ ಪ್ಲಾನ್‌ನಲ್ಲಿ ಒಂದು ವಾರ ಯಾರೂ ಬಳಸದಿದ್ದರೆ ಪ್ರಾಜೆಕ್ಟನ್ನು ನಿಲ್ಲಿಸಿಡುತ್ತಾರೆ, ಅದೂ ನೆನಪಿರಲಿ.

ನೆಟ್ ಹೋದಾಗ

ನಾಗಮಂಗಲ ಕಡೆಯ ಒಂದು ಹಳ್ಳಿಯಲ್ಲಿ ಎಪಿಐ ಇರುವ ಹೊಸ ಆಪ್ ಹಾಕಿ ಬಂದ ಮೂರನೇ ದಿನ, ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಕರೆಂಟ್ ಹೋಗಿ ಟವರ್ ಕೂಡ ಬಿದ್ದಿತ್ತು, ಆಪ್ ಸುತ್ತುತ್ತಾ ನಿಂತಿದೆ. ಲೈನಿನಲ್ಲಿ ಮೂವತ್ತು ಜನ. ಹಾಗೂ ಹೀಗೂ ಸಿಗ್ನಲ್ ಸಿಗುವ ಕಡೆ ಹೋಗಿ ಕಾರ್ಯದರ್ಶಿ ನನಗೆ ಕೇಳಿದ್ದು ಇಷ್ಟೇ: "ನೆಟ್ ಬರೋಗಂಟ ಹಾಲು ಹಿಡ್ಕಂಡು ನಿಂತ್ಕಳಕ್ಕಾಯ್ತದಾ ಸಾ?" ಅವತ್ತು ಪುಸ್ತಕದಲ್ಲಿ ಬರೆದುಕೊಂಡರು. ಎಪಿಐ ಮಾತ್ರ ಸಾಲದು ಅಂತ ನನಗೆ ಅರ್ಥ ಆಗಿದ್ದು ಆ ಬೆಳಿಗ್ಗೆ.

ಈಗ ಎಂಟ್ರಿ ಮೊದಲು ಬೀಳುವುದು ಆ ಯಂತ್ರದೊಳಗಿನ ಎಸ್‌ಕ್ಯುಲೈಟ್‌ಗೆ. ಆಂಡ್ರಾಯ್ಡ್ ಫೋನ್‌ನಲ್ಲಿ ಅದು ಮೊದಲಿಂದಲೇ ಇರುತ್ತದೆ, ಕಂಪ್ಯೂಟರ್ ಆಪ್‌ಗೂ ಸುಲಭವಾಗಿ ಸೇರಿಸಬಹುದು. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ), ಲೀಟರ್ ಹಾಕಿದ ತಕ್ಷಣ ಸ್ಲಿಪ್ ಬರುತ್ತದೆ, ನೆಟ್ ಇದೆಯೋ ಇಲ್ಲವೋ ಸಾಲಿನಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ. ನೆಟ್ ಬಂದಾಗ ಹಿಂದಿನಿಂದ ಒಂದೊಂದಾಗಿ ಎಪಿಐಗೆ ಹೋಗುತ್ತದೆ.

ಇಲ್ಲಿ ಜೋಪಾನವಾಗಿ ಮಾಡಬೇಕಾದ್ದು ಒಂದಿದೆ. ಫೋನ್ ಒಂದು ಎಂಟ್ರಿ ಕಳಿಸುತ್ತದೆ. ಸರ್ವರ್ ಬರೆದುಕೊಳ್ಳುತ್ತದೆ. 'ಸಿಕ್ಕಿತು' ಅನ್ನುವ ಉತ್ತರ ವಾಪಸ್ ಬರುವ ದಾರಿಯಲ್ಲಿ ನೆಟ್ ಹೋಗುತ್ತದೆ. ಫೋನ್‌ಗೆ ಉತ್ತರ ಬರಲಿಲ್ಲ, ಹಾಗಾಗಿ ಮತ್ತೆ ಕಳಿಸುತ್ತದೆ. ಸರ್ವರ್ ಮತ್ತೆ ಬರೆದುಕೊಳ್ಳುತ್ತದೆ. 6.4 ಲೀಟರ್ ಹಾಲು 12.8 ಆಯಿತು. ಇದನ್ನು ತಡೆಯಲು ಎಂಟ್ರಿ ಹುಟ್ಟುವಾಗಲೇ ಫೋನ್‌ನಲ್ಲೇ ಒಂದು ಯುಯುಐಡಿ (ಬೇರೆಲ್ಲೂ ಮತ್ತೆ ಬರದಂಥ ಉದ್ದನೆಯ ನಂಬರ್) ಕೊಡಿ, ಸರ್ವರ್ ಟೇಬಲ್‌ನಲ್ಲಿ ಅದನ್ನು ಯುನಿಕ್ ಮಾಡಿ, ಅಂದರೆ ಒಂದೇ ಸಲ ಬರುವ ಹಾಗೆ ಮಾಡಿ. ಅದೇ ನಂಬರ್ ಎರಡನೇ ಸಲ ಬಂದರೆ ಬರೆಯದೆ 'ಸಿಕ್ಕಿತು' ಅಂತ ಮಾತ್ರ ಹೇಳಲಿ. ಸರ್ವರ್ ಕೊಡುವ ಒಂದು, ಎರಡು, ಮೂರು ಅನ್ನುವ ನಂಬರ್ ನಂಬಿದರೆ ಇದು ಆಗುವುದಿಲ್ಲ, ಯಾಕೆಂದರೆ ನೆಟ್ ಇಲ್ಲದಾಗ ನಂಬರ್ ಕೊಡುವವರೇ ಇರುವುದಿಲ್ಲ.

ತಿದ್ದುಪಡಿಗೂ ಒಂದು ಕ್ರಮ ಬೇಕು. ಒಂದೇ ಎಂಟ್ರಿಯನ್ನು ಕಂಪ್ಯೂಟರ್‌ನಲ್ಲೂ ಫೋನ್‌ನಲ್ಲೂ ಇಬ್ಬರು ತಿದ್ದಿದರೆ ಯಾವುದು ಉಳಿಯಬೇಕು? ನಾನು ತಿದ್ದಲು ಬಿಡುವುದೇ ಇಲ್ಲ. ಹಳೆಯದು ಹಾಗೇ ಇರುತ್ತದೆ, ಅದನ್ನು ರದ್ದು ಮಾಡುವ ಹೊಸ ಸಾಲು ಸೇರುತ್ತದೆ, ಯಾರು ಯಾವಾಗ ಮಾಡಿದರು ಅನ್ನುವುದೂ ಜೊತೆಗಿರುತ್ತದೆ. ಬರೀ ಹೊಸ ಸಾಲು ಸೇರಿಸುತ್ತಾ ಹೋದರೆ ಸಿಂಕ್ (ಎರಡೂ ಕಡೆಯ ಲೆಕ್ಕ ಹೊಂದಿಸುವುದು) ಅರ್ಧಕ್ಕರ್ಧ ಸುಲಭ.

ಈ ದಾರಿಗೆ ಬರೀ ಎಪಿಐಗೆ ಹಿಡಿಯುವ ಎರಡರಷ್ಟು ಕೆಲಸ ಹಿಡಿಯುತ್ತದೆ, ಮುಚ್ಚಿಡುವುದಿಲ್ಲ. ಮಂಡ್ಯ ಪೇಟೆಯ ಗೊಬ್ಬರದ ಅಂಗಡಿಗೆ ನಾನು ಇದನ್ನು ಮಾಡಲಿಲ್ಲ, ಅಲ್ಲಿ ಬ್ರಾಡ್‌ಬ್ಯಾಂಡ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್ ಇದೆ, ಹತ್ತು ನಿಮಿಷ ತಡವಾದರೂ ಯೂರಿಯಾ ಕೆಡುವುದಿಲ್ಲ.

ಈಗಾಗಲೇ ನೇರ ಕನೆಕ್ಷನ್ ಓಡುತ್ತಿದ್ದರೆ

ಗಾಬರಿಯಿಂದ ಒಂದೇ ದಿನಕ್ಕೆ ಎಲ್ಲ ಮುಚ್ಚಬೇಡಿ, ಜನರ ಕೆಲಸ ನಿಲ್ಲುತ್ತದೆ. ಇವತ್ತೇ ಮಾಡಬೇಕಾದ್ದು, ಆಪ್ ಬಳಸುವ ಯೂಸರ್‌ನಿಂದ ಟೇಬಲ್ ಅಳಿಸುವ, ಬದಲಿಸುವ ಹಕ್ಕು ಕಿತ್ತುಹಾಕಿ, ದಿನಾ ಬ್ಯಾಕಪ್ ಬೇರೆ ಕಡೆ ಹೋಗುವ ಹಾಗೆ ಮಾಡಿ, ಆ ಬ್ಯಾಕಪ್‌ನಿಂದ ಒಮ್ಮೆ ಡೇಟಾಬೇಸ್ ಎಬ್ಬಿಸಿ ನೋಡಿ. ಆಮೇಲೆ ಅದೇ ಡೇಟಾಬೇಸ್ ಪಕ್ಕದಲ್ಲಿ ಎಪಿಐ ನಿಲ್ಲಿಸಿ. ಹೊಸ ಆಪ್ ಅದರ ಮೂಲಕ, ಹಳೆ ಆಪ್ ನೇರವಾಗಿ, ಎರಡೂ ಸ್ವಲ್ಪ ದಿನ ಒಟ್ಟಿಗೆ ಓಡಲಿ. ಈಗ ಯಾರ್ಯಾರು ಜೋಡಿಸಿಕೊಂಡಿದ್ದಾರೆ ಅಂತ ತೋರಿಸುವ ಡೇಟಾಬೇಸ್‌ನ ಪ್ರೋಸೆಸ್ ಪಟ್ಟಿ ನೋಡಿದರೆ ಇನ್ನೂ ನೇರವಾಗಿ ಬರುತ್ತಿರುವವರು ಎಷ್ಟು ಅಂತ ತಿಳಿಯುತ್ತದೆ. ನನಗೆ ಕೊನೆಗೆ ಉಳಿದಿದ್ದು ಆರು ಫೋನ್, ಡೈರಿ ಬಾಗಿಲಲ್ಲಿ ನಿಂತು ಅವರ ಆಪನ್ನು ನಾನೇ ಅಪ್‌ಡೇಟ್ ಮಾಡಿಕೊಟ್ಟೆ.

ಆಮೇಲೆ ಪೋರ್ಟ್ ಮುಚ್ಚಿ, ಪಾಸ್‌ವರ್ಡ್ ಬದಲಿಸಿ. ಫೈರ್‌ವಾಲ್‌ನಲ್ಲಿ ಮುಚ್ಚಿದೆ ಅಂತ ಬರೆದಿರುವುದನ್ನು ಮಾತ್ರ ನಂಬಬೇಡಿ, ಡೇಟಾಬೇಸನ್ನು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಓಡಿಸುತ್ತಿದ್ದರೆ ಲಿನಕ್ಸ್‌ನ ಯುಎಫ್‌ಡಬ್ಲ್ಯು ಫೈರ್‌ವಾಲ್ ನಿಯಮವನ್ನು ದಾಟಿ ಪೋರ್ಟ್ ಹೊರಗೆ ತೆರೆದಿರಬಹುದು. ಮನೆಗೆ ಹೋಗಿ, ಮೊಬೈಲ್ ನೆಟ್ ಹಾಕಿಕೊಂಡು, ಹೊರಗಿನಿಂದ 3306ಕ್ಕೆ ಒಮ್ಮೆ ಟೆಲ್‌ನೆಟ್ ಮಾಡಿ, ಅಂದರೆ ಆ ಪೋರ್ಟ್‌ಗೆ ಜೋಡಿಸಲು ಪ್ರಯತ್ನಿಸಿ ನೋಡಿ. ಉತ್ತರ ಬರಬಾರದು.